ಬರ್ವೆಲ್ ಟವರಿನ ಒಂದು ಸಾಲು

2002ರ ಆಗಸ್ಟ್ 4, ಭಾನುವಾರ. ಇಂಗ್ಲೆಂಡಿನ ಕೇಂಬ್ರಿಜ್‌ಶೈರ್‌ನಲ್ಲಿರುವ ಸೋಹಮ್ ಎಂಬ ಪುಟ್ಟ ಊರಿನಲ್ಲಿ ಹತ್ತು ವರ್ಷದ ಇಬ್ಬರು ಗೆಳತಿಯರು ಸಂಜೆ ಮನೆಯಿಂದ ಹೊರಟವರು ತಿರುಗಿ ಬರಲಿಲ್ಲ. ಒಬ್ಬಳ ಕೈಯಲ್ಲಿ ಮೊಬೈಲ್ ಇತ್ತು. ಸಂಜೆ 6 ಗಂಟೆ 46 ನಿಮಿಷಕ್ಕೆ ಆ ಫೋನು ಸ್ವಿಚ್ ಆಫ್ ಆಯಿತು.

ಗುಂಡಿ ಒತ್ತಿ ಆಫ್ ಮಾಡಿದಾಗ ಫೋನು ತಕ್ಷಣ ಸುಮ್ಮನಾಗುವುದಿಲ್ಲ. ಇನ್ನು ಮುಂದೆ ನನಗೆ ಕರೆ ಕಳಿಸಬೇಡಿ ಎಂಬ ಅರ್ಥದ ಒಂದು ಚಿಕ್ಕ ಸಂಕೇತವನ್ನು ಜಾಲಕ್ಕೆ ಕಳಿಸಿ ಆಮೇಲೆ ಮಲಗುತ್ತದೆ. ಬ್ಯಾಟರಿಯನ್ನೇ ಕಿತ್ತರೆ ಈ ಸಂಕೇತ ಹೋಗುವುದಿಲ್ಲ. ಆ ಸಂಜೆ ಸಂಕೇತ ಹೋಗಿತ್ತು. ಅದನ್ನು ಹಿಡಿದದ್ದು ಮಾತ್ರ ಕೆಲವು ಕಿಲೋಮೀಟರ್ ಆಚೆ ಬರ್ವೆಲ್ ಎಂಬ ಹಳ್ಳಿಯ ಹೆಸರಿನಲ್ಲಿದ್ದ ಟವರ್. ಮೊಬೈಲ್ ಕಂಪನಿಯ ಕಂಪ್ಯೂಟರಿನಲ್ಲಿ ಉಳಿದದ್ದು ಇಷ್ಟೇ: ಒಂದು ನಂಬರು, ಒಂದು ಸಮಯ, ಒಂದು ಟವರ್.

ನಕ್ಷೆಯನ್ನಷ್ಟೇ ನೋಡಿದವರಿಗೆ ಮಕ್ಕಳು ಬರ್ವೆಲ್ ಕಡೆಗೆ ಹೋಗಿರಬೇಕು ಅನ್ನಿಸುವುದು ಸಹಜ. ತನಿಖೆಯನ್ನು ದಾರಿಗೆ ತಂದದ್ದು ನಕ್ಷೆಯಲ್ಲ, ಕಾಲ್ನಡಿಗೆ. ದೂರಸಂಪರ್ಕ ತಜ್ಞರೊಬ್ಬರು ಅಳತೆಯ ಉಪಕರಣ ಹಿಡಿದು, ಮಕ್ಕಳು ನಡೆದಿರಬಹುದು ಎಂದು ಪೊಲೀಸರು ಗುರುತಿಸಿದ ದಾರಿಯನ್ನು ಅಳೆಯುತ್ತ ಹೋದರು. ಸೋಹಮ್ ಒಳಗಿನ ಆ ದಾರಿಯಲ್ಲಿ ಎಲ್ಲೆಲ್ಲೂ ಬೇರೆ ಬೇರೆ ಟವರುಗಳೇ ಬಲವಾಗಿದ್ದವು. ಬರ್ವೆಲ್‌ನ ಸಿಗ್ನಲ್ ಮೇಲುಗೈ ಪಡೆಯುತ್ತಿದ್ದುದು ಒಂದು ಚಿಕ್ಕ ಜಾಗದಲ್ಲಿ. ಅದು ಊರಿನ ಶಾಲೆಯೊಂದರ ಮೇಲ್ವಿಚಾರಕನಾಗಿದ್ದ ಇಯಾನ್ ಹಂಟ್ಲಿಯ ಮನೆಯ ಮುಂದೆ.

ಮಕ್ಕಳು ನನ್ನ ಮನೆ ಬಾಗಿಲಲ್ಲಿ ನಿಂತು ಎರಡು ಮಾತಾಡಿ ಹೋದರು ಎಂದು ಹಂಟ್ಲಿ ಪೊಲೀಸರಿಗೆ ಹೇಳಿದ್ದ. 2003ರ ಡಿಸೆಂಬರ್ 17ರಂದು ಆ ಮಕ್ಕಳ ಕೊಲೆಗಾಗಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಶಿಕ್ಷೆಗೆ ಈ ಒಂದು ಸಾಲೇ ಕಾರಣವಲ್ಲ. ನಾರು, ಬಟ್ಟೆ, ಕಾರು ಹೀಗೆ ಬೇರೆ ಸಾಕ್ಷ್ಯಗಳ ದೊಡ್ಡ ರಾಶಿಯೇ ಇತ್ತು. ಆದರೂ ಮೊಬೈಲ್ ಸಾಕ್ಷ್ಯದ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಪ್ರಕರಣವನ್ನೇ. ಆ ಒಂದು ಸಾಲಿಗೆ ಅರ್ಥ ಬಂದದ್ದು ಯಾರೋ ಆ ನೆಲದ ಮೇಲೆ ನಡೆದು ಅಳೆದದ್ದರಿಂದ.

ಅಳೆಯದೆ ಏಕೆ ತಿಳಿಯುವುದಿಲ್ಲ ಎನ್ನುವುದಕ್ಕೆ ಫೋನು ಮತ್ತು ಟವರಿನ ಸಂಬಂಧವನ್ನು ಸ್ವಲ್ಪ ನೋಡಬೇಕು.

ನಾವು ಟವರ್ ಎನ್ನುವ ಕಂಬದ ತುದಿಯಲ್ಲಿ ಸಾಮಾನ್ಯವಾಗಿ ಮೂರು ದಿಕ್ಕಿಗೆ ಮುಖ ಮಾಡಿದ ಆಂಟೆನಾಗಳಿರುತ್ತವೆ. ಒಂದೊಂದು ಮುಖ ಸುಮಾರು 120 ಡಿಗ್ರಿ ಅಗಲದ ಪ್ರದೇಶವನ್ನು ನೋಡಿಕೊಳ್ಳುತ್ತದೆ. ಈ ಒಂದೊಂದು ಪಾಲಿಗೂ ಸೆಲ್ ಎಂದು ಹೆಸರು, ಪ್ರತಿ ಸೆಲ್‌ಗೂ ಒಂದು ಗುರುತಿನ ಸಂಖ್ಯೆ. ನಾವು ಕರೆ ಮಾಡಿದಾಗ ಕಂಪನಿಯ ದಾಖಲೆಯಲ್ಲಿ ಯಾರಿಂದ ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು ಎಂಬುದರ ಜೊತೆಗೆ ಕರೆ ಶುರುವಾದಾಗಿನ ಸೆಲ್ ಮತ್ತು ಮುಗಿದಾಗಿನ ಸೆಲ್ ಕೂಡ ಸೇರುತ್ತದೆ. ಫೋನ್ ಉಪಕರಣದ ಐಎಂಇಐ ಸಂಖ್ಯೆಯೂ ಇರುತ್ತದೆ. ನಮ್ಮ ಪೊಲೀಸರು ಸಿಡಿಆರ್ ಎನ್ನುವುದು ಇದನ್ನೇ. ಈ ದಾಖಲೆ ಹುಟ್ಟಿದ್ದು ಬಿಲ್ ಮಾಡಲು, ಜಾಲವನ್ನು ಸರಿಯಾಗಿ ನಡೆಸಲು. ಯಾರನ್ನೋ ಪತ್ತೆ ಹಚ್ಚಲೆಂದು ಇದನ್ನು ಯಾರೂ ರೂಪಿಸಲಿಲ್ಲ. ಮುಂದೆ ಬರುವ ಬಹುಪಾಲು ತೊಡಕುಗಳ ಮೂಲ ಅಲ್ಲಿದೆ.

ಜೇಬಿನಲ್ಲಿ ಸುಮ್ಮನೆ ಕುಳಿತ ಫೋನು ಸುತ್ತಲಿನ ಸೆಲ್‌ಗಳನ್ನು ಕೇಳಿಸಿಕೊಳ್ಳುತ್ತಲೇ ಇರುತ್ತದೆ. ಚೆನ್ನಾಗಿ ಕೇಳುವುದನ್ನು ಆರಿಸಿಕೊಳ್ಳುತ್ತದೆ. ಹತ್ತಿರದ್ದೇ ಚೆನ್ನಾಗಿ ಕೇಳಬೇಕೆಂದಿಲ್ಲ. ಜಾತ್ರೆಯ ಧ್ವನಿವರ್ಧಕವನ್ನು ನೆನೆಯಿರಿ: ಪಕ್ಕದ ಬೀದಿಯದು ಗೋಡೆಯ ಮರೆಯಲ್ಲಿ ಮಸುಕಾಗಿ, ಕೆರೆಯಾಚೆಯ ಊರಿನದು ಸ್ಪಷ್ಟವಾಗಿ ಕೇಳುವುದುಂಟು. ರೇಡಿಯೊ ಅಲೆಗೂ ಗುಡ್ಡ, ಕಟ್ಟಡ, ನೀರು, ಎಲೆ ತುಂಬಿದ ಮರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮಲೆನಾಡಿನ ಗುಡ್ಡದ ನೆತ್ತಿಯಲ್ಲಿ ನಿಂತರೆ ಎರಡು ಕಣಿವೆ ದಾಟಿದ ಟವರ್ ಸಿಗುತ್ತದೆ, ನೂರು ಹೆಜ್ಜೆ ಇಳಿದರೆ ಏನೂ ಇಲ್ಲ. ನಿಪ್ಪಾಣಿಯ ಕಡೆಯವರಿಗೂ ತಲಪಾಡಿಯವರಿಗೂ ಇನ್ನೊಂದು ಅನುಭವವಿದೆ. ಕರ್ನಾಟಕದೊಳಗೆ ಮನೆಯಲ್ಲಿ ಕುಳಿತಿದ್ದರೂ ಫೋನು ಗಡಿಯಾಚೆಯ ಟವರ್ ಹಿಡಿದು, ಪಕ್ಕದ ರಾಜ್ಯಕ್ಕೆ ಸ್ವಾಗತ ಎಂಬ ಸಂದೇಶ ತೋರಿಸುತ್ತದೆ. ಅಂಥ ಹೊತ್ತಿನ ಸಿಡಿಆರ್ ತೆಗೆದು ನೋಡಿದರೆ ಆ ವ್ಯಕ್ತಿ ಮಹಾರಾಷ್ಟ್ರದಲ್ಲೋ ಕೇರಳದಲ್ಲೋ ಇದ್ದಂತೆ ಕಾಣುತ್ತದೆ.

ಸೆಲ್ ಎಷ್ಟು ದೊಡ್ಡದು? ಇದಕ್ಕೆ ಒಂದೇ ಉತ್ತರವಿಲ್ಲ, ಇಲ್ಲದಿರುವುದೇ ಮುಖ್ಯ. ಹಳೆಯ ಜಿಎಸ್‌ಎಂ ವ್ಯವಸ್ಥೆಯಲ್ಲಿ ಬಯಲು ಸೀಮೆಯ ಒಂದು ಸೆಲ್ ಸುಮಾರು 35 ಕಿಲೋಮೀಟರ್‌ವರೆಗೂ ಚಾಚಬಹುದಿತ್ತು. ನಗರದ ಕಿಕ್ಕಿರಿದ ರಸ್ತೆಯಲ್ಲಿ ಅದು ಕೆಲವು ನೂರು ಮೀಟರ್. ದೊಡ್ಡ ಮಾಲ್ ಅಥವಾ ಮೆಟ್ರೊ ನಿಲ್ದಾಣದ ಒಳಗೇ ಕೂರಿಸಿದ ಪುಟ್ಟ ಆಂಟೆನಾ ಆದರೆ ಆ ಕಟ್ಟಡದಷ್ಟೇ. ಅಲೆ ಹೋಗಿಬರುವ ಹೊತ್ತನ್ನು ಅಳೆದು ಫೋನು ಎಷ್ಟು ದೂರದಲ್ಲಿದೆ ಎಂದು ಅಂದಾಜು ಮಾಡುವ ಮಾಹಿತಿಯೂ ಜಾಲದಲ್ಲಿ ಹುಟ್ಟುತ್ತದೆ. ಜಿಎಸ್‌ಎಂನಲ್ಲಿ ಅದರ ಒಂದೊಂದು ಮೆಟ್ಟಿಲು ಸುಮಾರು 550 ಮೀಟರ್ ಇತ್ತು, 4ಜಿಯಲ್ಲಿ ಅದು 78 ಮೀಟರಿಗೆ ಇಳಿದಿದೆ. ಆದರೆ ಸಾಮಾನ್ಯ ಸಿಡಿಆರ್‌ನಲ್ಲಿ ಆ ಅಳತೆ ಇರುವುದಿಲ್ಲ. ಅಲ್ಲಿರುವುದು ಸೆಲ್ ಸಂಖ್ಯೆ, ಮತ್ತು ಆ ಸಂಖ್ಯೆಯ ಎದುರು ಬರೆದ ಟವರಿನ ವಿಳಾಸ. ಆ ವಿಳಾಸ ಓದಿದ ಕೂಡಲೇ ಫೋನು ಅಲ್ಲೇ ಇತ್ತು ಎಂದು ಮನಸ್ಸು ಒಪ್ಪಿಬಿಡುತ್ತದೆ. ಟವರ್ ಇರುವ ಜಾಗ ಬೇರೆ, ಫೋನು ಇದ್ದ ಜಾಗ ಬೇರೆ.

ಹಾಗಾದರೆ ಈ ದಾಖಲೆಯ ನಿಜವಾದ ಬಲ ಎಲ್ಲಿದೆ? ಸೋಹಮ್‌ಗೇ ವಾಪಸ್ ಹೋಗೋಣ. ಹಂಟ್ಲಿಯ ಜೊತೆ ವಾಸವಾಗಿದ್ದ ಗೆಳತಿ, ಆ ಸಂಜೆ ನಾನೂ ಮನೆಯಲ್ಲೇ ಇದ್ದೆ, ಸ್ನಾನ ಮಾಡುತ್ತಿದ್ದೆ ಎಂದಿದ್ದಳು. ಅವಳ ಫೋನಿನ ದಾಖಲೆ ಇದ್ದದ್ದು ನೂರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರದ ಗ್ರಿಮ್ಸ್‌ಬಿ ಪಟ್ಟಣದಲ್ಲಿ. ಇಲ್ಲಿ ಯಾವ ತಜ್ಞರೂ ನಡೆದು ಅಳೆಯಬೇಕಾಗಲಿಲ್ಲ. ಗ್ರಿಮ್ಸ್‌ಬಿಯ ಸೆಲ್ ಎಷ್ಟೇ ದೊಡ್ಡದಿರಲಿ, ಸೋಹಮ್ ಅದರೊಳಗೆ ಬರಲಾರದು. ಸುಳ್ಳು ಅಲ್ಲೇ ಹರಿದು ಬಿತ್ತು. ನ್ಯಾಯದ ಹಾದಿ ತಪ್ಪಿಸಿದ್ದಕ್ಕೆ ಅವಳಿಗೂ ಶಿಕ್ಷೆಯಾಯಿತು.

ಒಂದೇ ಮೊಕದ್ದಮೆಯಲ್ಲಿ ಟವರ್ ದಾಖಲೆ ಎರಡು ಬಗೆಯ ಕೆಲಸ ಮಾಡಿದೆ. 'ನೀನು ಅಲ್ಲಿರಲಿಲ್ಲ' ಎಂದು ಹೇಳಲು ಅದಕ್ಕೆ ಹೆಚ್ಚೇನೂ ನೆರವು ಬೇಕಾಗಲಿಲ್ಲ. 'ನೀನು ಇಲ್ಲೇ ಇದ್ದೆ' ಎಂದು ಹೇಳಲು ಉಪಕರಣ, ತಜ್ಞ, ನೆಲದ ಅಳತೆ, ಬೇರೆ ಸಾಕ್ಷ್ಯ ಎಲ್ಲವೂ ಬೇಕಾದವು. ಈ ಅಸಮತೋಲನವನ್ನು ತನಿಖಾಧಿಕಾರಿ, ವಕೀಲ, ನ್ಯಾಯಾಧೀಶ, ಪತ್ರಕರ್ತ ಎಲ್ಲರೂ ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಎಷ್ಟೋ ಅನ್ಯಾಯ ತಪ್ಪುತ್ತಿತ್ತು ಎಂದು ನಾನು ನಂಬುತ್ತೇನೆ. 'ಟವರ್ ಲೊಕೇಷನ್‌ನಿಂದ ಆರೋಪಿ ಸ್ಥಳದಲ್ಲಿದ್ದದ್ದು ದೃಢ' ಎಂದು ಪತ್ರಿಕೆಗಳಲ್ಲಿ ಬರುವ ವಾಕ್ಯದಲ್ಲಿ ಮೂರು ಜಿಗಿತಗಳಿವೆ. ಸೆಲ್‌ನಿಂದ ಸ್ಥಳಕ್ಕೆ ಒಂದು, ಸಿಮ್‌ನಿಂದ ಫೋನಿಗೆ ಇನ್ನೊಂದು, ಫೋನಿನಿಂದ ಮನುಷ್ಯನಿಗೆ ಮೂರನೆಯದು. ಒಳ್ಳೆಯ ತನಿಖಾಧಿಕಾರಿ ಮೂರಕ್ಕೂ ಬೇರೆ ಬೇರೆ ಆಧಾರ ಹುಡುಕುತ್ತಾರೆ. ಆ ಫೋನು ರಾತ್ರಿ ಯಾವ ಸೆಲ್‌ನಲ್ಲಿ ತಂಗುತ್ತದೆ, ದಿನವೂ ಯಾರಿಗೆ ಮಾತಾಡುತ್ತದೆ, ಘಟನೆಯ ದಿನ ಮಾತಾಡಿದವರು ದನಿ ಗುರುತಿಸುತ್ತಾರೆಯೇ, ಸಿಮ್ ಬದಲಾದರೂ ಐಎಂಇಐ ಅದೇ ಇದೆಯೇ, ರಸ್ತೆಯ ಸಿಸಿಟಿವಿಯಲ್ಲಿ ಮುಖ ಕಂಡಿದೆಯೇ. ಫೋನನ್ನು ಮನೆಯಲ್ಲಿಟ್ಟು ಹೋದವನಿಗೂ, ಫೋನನ್ನು ಅಣ್ಣನಿಗೆ ಕೊಟ್ಟವನಿಗೂ ಸಿಡಿಆರ್ ಒಂದೇ.

ಅಮೆರಿಕದಲ್ಲಿ ಇವುಗಳಲ್ಲಿ ಮೊದಲ ಜಿಗಿತವನ್ನು ವಿಜ್ಞಾನದ ಹೆಸರಿನಲ್ಲೇ ಹಾರಲು ನೋಡಿದ್ದುಂಟು. ಷಿಕಾಗೊದ ಅಪಹರಣ ಪ್ರಕರಣವೊಂದರಲ್ಲಿ ಎಫ್‌ಬಿಐ ಅಧಿಕಾರಿಯೊಬ್ಬರು ಟವರುಗಳ ನಡುವಿನ ಅಂತರ ನೋಡಿ ಪ್ರತಿ ಆಂಟೆನಾದ ಹರವನ್ನು ಅಂದಾಜು ಮಾಡಿ, ನಕ್ಷೆಯ ಮೇಲೆ ಬಣ್ಣದ ತುಂಡುಗಳನ್ನು ಬಿಡಿಸಿ, ಆರೋಪಿಯ ಫೋನು ಇಂಥ ಮನೆಯಲ್ಲಿದ್ದಿರಬಹುದು ಎಂದು ಸಾಕ್ಷಿ ನುಡಿಯಲು ಸಿದ್ಧರಾಗಿದ್ದರು. 2012ರಲ್ಲಿ ಫೆಡರಲ್ ನ್ಯಾಯಾಧೀಶೆ ಜೋನ್ ಲೆಫ್ಕೊ ಆ ವಿಧಾನವನ್ನು ಒಪ್ಪಲಿಲ್ಲ. ಅದನ್ನು ಸ್ವತಂತ್ರವಾಗಿ ಯಾರೂ ಪರೀಕ್ಷಿಸಿಲ್ಲ, ಕಟ್ಟಡಗಳ ಅಡ್ಡಿಯನ್ನೂ ಟವರಿನ ಮೇಲಿನ ದಟ್ಟಣೆಯನ್ನೂ ಅದು ಲೆಕ್ಕಕ್ಕೆ ತಂದಿಲ್ಲ ಎನ್ನುವುದು ಅವರ ಕಾರಣ. ಟವರ್ ಎಲ್ಲಿದೆ ಎಂದು ಹೇಳಿ, ಜಾಲ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಿ. ಅದರಾಚೆಯದು ವಿಜ್ಞಾನವಲ್ಲ ಎಂಬುದು ತೀರ್ಪಿನ ಧೋರಣೆ. ನಕ್ಷೆಯ ಮೇಲಿನ ಬಣ್ಣದ ಗೆರೆ ನೋಡುವವರಿಗೆ ಗೋಡೆಯಷ್ಟು ಗಟ್ಟಿಯಾಗಿ ಕಾಣುತ್ತದೆ. ನೆಲದ ಮೇಲೆ ಅಂಥ ಗೆರೆ ಇರುವುದೇ ಇಲ್ಲ, ಅಕ್ಕಪಕ್ಕದ ಸೆಲ್‌ಗಳು ಒಂದರ ಮೇಲೊಂದು ಹರಡಿಕೊಂಡಿರುತ್ತವೆ.

ದಾಖಲೆಯನ್ನು ಕಳಿಸಿದವರೇ ಎಚ್ಚರಿಸಿದ್ದರೂ ಯಾರೂ ಓದದೆ ಹೋದ ಪ್ರಕರಣ ಬಾಲ್ಟಿಮೋರ್‌ನದು. 1999ರ ಜನವರಿಯಲ್ಲಿ ಹೈಸ್ಕೂಲ್ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಅವಳ ಹಿಂದಿನ ಗೆಳೆಯ ಅದ್ನಾನ್ ಸೈಯದ್‌ಗೆ 2000ದಲ್ಲಿ ಜೀವಾವಧಿ ಶಿಕ್ಷೆಯಾಯಿತು. 2014ರಲ್ಲಿ 'ಸೀರಿಯಲ್' ಪಾಡ್‌ಕಾಸ್ಟ್ ಬಂದ ಮೇಲೆ ಇಡೀ ಜಗತ್ತೇ ಈ ಪ್ರಕರಣವನ್ನು ಕೇಳಿತು. ಶವ ಸಿಕ್ಕ ಉದ್ಯಾನದ ಕಡೆಯ ಸೆಲ್‌ಗೆ ಅಂದು ಸಂಜೆ 7.09ಕ್ಕೆ ಮತ್ತು 7.16ಕ್ಕೆ ಬಂದ ಎರಡು ಕರೆಗಳು ಆರೋಪದ ಮುಖ್ಯ ಕೊಂಡಿಗಳಾಗಿದ್ದವು. ಎರಡೂ ಒಳಬಂದ ಕರೆಗಳು. ಫೋನ್ ಕಂಪನಿ ಪೊಲೀಸರಿಗೆ ದಾಖಲೆ ಕಳಿಸಿದಾಗ ಮೇಲೆ ಇಟ್ಟಿದ್ದ ಫ್ಯಾಕ್ಸ್ ಹಾಳೆಯಲ್ಲಿ, ಜಾಗ ತಿಳಿಯಲು ಹೊರಹೋದ ಕರೆಗಳನ್ನು ಮಾತ್ರ ನಂಬಬಹುದು, ಒಳಬಂದವನ್ನು ನಂಬಬಾರದು ಎಂದು ಅಚ್ಚಾಗಿತ್ತು.

ಒಳಬರುವ ಕರೆಯಲ್ಲಿ ಏನು ತೊಂದರೆ? ಹೊರಹೋಗುವ ಕರೆಯಲ್ಲಿ ಫೋನೇ ಮೊದಲು ಮಾತಾಡುತ್ತದೆ, ಹಾಗಾಗಿ ಅದು ಯಾವ ಸೆಲ್‌ನಲ್ಲಿದೆ ಎಂಬುದು ನೇರವಾಗಿ ದಾಖಲಾಗುತ್ತದೆ. ಒಳಬರುವಾಗ ಜಾಲ ಫೋನನ್ನು ಹುಡುಕಬೇಕು. ಫೋನು ಸಿಗದೆ ಕರೆ ವಾಯ್ಸ್‌ಮೇಲ್‌ಗೆ ಹೋದರೆ, ದಾಖಲೆಯಲ್ಲಿ ಬೀಳುವ ಸೆಲ್ ಕರೆ ಸ್ವೀಕರಿಸಬೇಕಿದ್ದವನದೇ ಆಗಿರಬೇಕೆಂದಿಲ್ಲ. ವಿಚಾರಣೆಯಲ್ಲಿ ಸಾಕ್ಷಿ ನುಡಿದಿದ್ದ ಕಂಪನಿಯ ಎಂಜಿನಿಯರ್, ನನಗೆ ಆ ಎಚ್ಚರಿಕೆಯ ಹಾಳೆಯನ್ನು ಯಾರೂ ತೋರಿಸಿರಲಿಲ್ಲ ಎಂದು 2015ರಲ್ಲಿ ಪ್ರಮಾಣಪತ್ರ ಬರೆದುಕೊಟ್ಟರು. ಆರೋಪಿಯ ವಕೀಲರು ಈ ಹಾಳೆಯನ್ನು ಮುಂದಿಟ್ಟು ಪ್ರಶ್ನಿಸಲಿಲ್ಲ ಎಂಬ ಕಾರಣಕ್ಕೇ 2016ರಲ್ಲಿ ನ್ಯಾಯಾಧೀಶರೊಬ್ಬರು ಮರುವಿಚಾರಣೆಗೆ ಆದೇಶಿಸಿದರು. 2019ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸೈಯದ್ 2022ರಲ್ಲಿ ಜೈಲಿನಿಂದ ಹೊರಬಂದ. 2025ರಲ್ಲಿ ಶಿಕ್ಷೆಯನ್ನು ಕಳೆದ ಅವಧಿಗೆ ಇಳಿಸಲಾಯಿತಾದರೂ ಅಪರಾಧಿ ಎಂಬ ತೀರ್ಮಾನ ಹಾಗೇ ಉಳಿದಿದೆ. ಅವನು ತಪ್ಪಿತಸ್ಥನೋ ಅಲ್ಲವೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಒಬ್ಬ ಹದಿಹರೆಯದವನ ಬದುಕನ್ನು ತೂಗಿದ ತಕ್ಕಡಿಗೆ ಅದನ್ನು ತಯಾರಿಸಿದವರೇ ಅಂಟಿಸಿದ್ದ ಎಚ್ಚರಿಕೆಯ ಚೀಟಿ ನ್ಯಾಯಮಂಡಳಿಯ ಕಣ್ಣಿಗೆ ಬೀಳಲಿಲ್ಲ ಎನ್ನುವುದು ನನ್ನನ್ನು ಕಾಡುತ್ತದೆ.

ಇನ್ನೂ ಆಳದ ತಪ್ಪು ಡೆನ್ಮಾರ್ಕಿನಲ್ಲಿ ಬಯಲಾಯಿತು. ಮೊಬೈಲ್ ಕಂಪನಿಗಳಿಂದ ಬರುವ ಕಚ್ಚಾ ದತ್ತಾಂಶವನ್ನು ಓದಲು ಬರುವ ಕೋಷ್ಟಕವಾಗಿ ಬದಲಿಸುವ ತಂತ್ರಾಂಶವೊಂದನ್ನು ಅಲ್ಲಿನ ಪೊಲೀಸರು ಬಳಸುತ್ತಿದ್ದರು. ಆ ಬದಲಾವಣೆಯಲ್ಲಿ ಕೆಲವು ಸಾಲುಗಳು ಉದುರಿಹೋಗುತ್ತಿದ್ದವು. ಹಾಗಾಗಿ ಫೋನಿನ ಚಲನೆಯ ಚಿತ್ರ ಅಪೂರ್ಣವಾಗಿರುತ್ತಿತ್ತು. ಹುಡುಕುತ್ತ ಹೋದಂತೆ ಬೇರೆ ತಪ್ಪುಗಳೂ ಸಿಕ್ಕವು: ಕೆಲವು ಟವರುಗಳ ಸ್ಥಳವೇ ತಪ್ಪಾಗಿತ್ತು, ಕೆಲವು ಫೋನುಗಳು ಒಂದೇ ಹೊತ್ತಿಗೆ ದೂರ ದೂರದ ಹಲವು ಟವರುಗಳಲ್ಲಿ ಕಾಣಿಸುತ್ತಿದ್ದವು. 2019ರ ಆಗಸ್ಟ್‌ನಲ್ಲಿ ದೇಶದ ಅಭಿಯೋಜನಾ ಮುಖ್ಯಸ್ಥ ಯಾನ್ ರೆಕೆನ್‌ಡಾರ್ಫ್ ಎರಡು ತಿಂಗಳ ಕಾಲ ನ್ಯಾಯಾಲಯಗಳಲ್ಲಿ ಮೊಬೈಲ್ ದತ್ತಾಂಶ ಬಳಸದಂತೆ ತಡೆದರು. 2012ರಿಂದಾಚೆಗಿನ ಸುಮಾರು 10,700 ಪ್ರಕರಣಗಳನ್ನು ಮತ್ತೆ ತೆರೆದು ನೋಡಬೇಕಾಯಿತು. ವಿಚಾರಣಾ ಬಂಧನದಲ್ಲಿದ್ದ 32 ಮಂದಿಯನ್ನು ಬಿಡಲಾಯಿತು. ತನ್ನ ತಪ್ಪನ್ನು ತಾನೇ ಕಂಡುಹಿಡಿದು, ಅದನ್ನು ಬಚ್ಚಿಡದೆ, ಇಡೀ ವ್ಯವಸ್ಥೆಯನ್ನು ನಿಲ್ಲಿಸುವ ಧೈರ್ಯ ಆ ಪುಟ್ಟ ದೇಶಕ್ಕಿತ್ತು. ಅದನ್ನು ನಾನು ಮೆಚ್ಚುತ್ತೇನೆ.

ಡೆನ್ಮಾರ್ಕಿನ ಕತೆಯನ್ನು ಎದುರಿಗಿಟ್ಟುಕೊಂಡು ನಮ್ಮ ಕಾನೂನನ್ನು ನೋಡಬೇಕು. ಭಾರತದಲ್ಲಿ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯ ಒಪ್ಪಬೇಕಾದರೆ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮು ಎಂದು ವಕೀಲರ ಬಾಯಲ್ಲಿ ನಲಿಯುವುದು ಇದೇ. ಸಂಸತ್ ಭವನದ ಮೇಲಿನ ದಾಳಿ ಪ್ರಕರಣದ 2005ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪ್ರಮಾಣಪತ್ರ ಇಲ್ಲದಿದ್ದರೂ ಬೇರೆ ರೀತಿಯಲ್ಲಿ ಕರೆ ದಾಖಲೆಗಳನ್ನು ರುಜುವಾತು ಮಾಡಬಹುದು ಎಂದಿತ್ತು. 2014ರಲ್ಲಿ ಅನ್ವರ್ ಪ್ರಕರಣದಲ್ಲಿ ಆ ನಿಲುವು ಬದಲಾಗಿ ಪ್ರಮಾಣಪತ್ರ ಕಡ್ಡಾಯವಾಯಿತು, 2020ರಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಅದು ಮತ್ತೆ ಗಟ್ಟಿಯಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಪ್ರಮಾಣಪತ್ರದ ಒಂದು ಭಾಗಕ್ಕೆ ತಜ್ಞರು ಸಹಿ ಹಾಕಬೇಕು, ಕಡತದ ಹ್ಯಾಷ್ ಮೌಲ್ಯವನ್ನು ಬರೆಯಬೇಕು. ಒಂದಕ್ಷರ ಬದಲಾದರೂ ಹ್ಯಾಷ್ ಬದಲಾಗುತ್ತದೆ, ಹಾಗಾಗಿ ಆಮೇಲೆ ಯಾರೂ ತಿದ್ದಿಲ್ಲ ಎಂಬುದಕ್ಕೆ ಅದು ಒಳ್ಳೆಯ ಕಾವಲು.

ಆದರೆ ಈ ಕಾವಲು ಕಾಯುವುದು ಪ್ರತಿಯನ್ನು ಮಾತ್ರ. ಟವರಿನ ಅಕ್ಷಾಂಶ ರೇಖಾಂಶ ಮೊದಲೇ ತಪ್ಪಾಗಿ ನಮೂದಾಗಿದ್ದರೆ, ಆಂಟೆನಾವನ್ನು ಕಳೆದ ತಿಂಗಳು ಬೇರೆ ದಿಕ್ಕಿಗೆ ತಿರುಗಿಸಿದ್ದು ಪಟ್ಟಿಯಲ್ಲಿ ಸೇರದಿದ್ದರೆ, ಡೆನ್ಮಾರ್ಕಿನಂತೆ ಸಾಲುಗಳು ಪರಿವರ್ತನೆಯಲ್ಲೇ ಉದುರಿದ್ದರೆ, ಹ್ಯಾಷ್ ಆ ತಪ್ಪನ್ನೇ ನಿಷ್ಠೆಯಿಂದ ಕಾಪಾಡುತ್ತದೆ. ಪ್ರಮಾಣಪತ್ರ ಸರಿಯಿದೆಯೇ ಎಂದು ನಮ್ಮ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವಾದ ನಡೆದಿದೆ. ಆ ಸೆಲ್ ಆ ದಿನ ನೆಲದ ಮೇಲೆ ಎಲ್ಲಿಯವರೆಗೆ ಹರಡಿತ್ತು, ಅದನ್ನು ಯಾರು ಅಳೆದರು ಎಂಬ ಪ್ರಶ್ನೆಗೂ ಅಷ್ಟೇ ಹೊತ್ತು ಸಿಗಬೇಕು. ಜಾಲ ಬದಲಾಗುತ್ತಲೇ ಇರುವುದರಿಂದ ಅಳತೆ ಬೇಗ ಆಗಬೇಕು. ಎರಡು ವರ್ಷ ಬಿಟ್ಟು ಹೋದರೆ ಹೊಸ ಟವರುಗಳೂ ಹೊಸ ಕಟ್ಟಡಗಳೂ ಎದ್ದಿರುತ್ತವೆ.

ಇಲ್ಲಿಯವರೆಗೆ ನೋಡಿದ್ದು ಒಂದು ನಂಬರಿನಿಂದ ಜಾಗಕ್ಕೆ ಹೋಗುವ ದಾರಿ. ಜಾಗದಿಂದ ನಂಬರಿಗೆ ಬರುವ ದಾರಿಯೂ ಇದೆ. ಪೊಲೀಸರ ಮಾತಿನಲ್ಲಿ ಇದು ಟವರ್ ಡಂಪ್. ಘಟನೆ ನಡೆದ ಹೊತ್ತಿನಲ್ಲಿ ಆ ಟವರಿನಲ್ಲಿ ದಾಖಲಾದ ಎಲ್ಲ ನಂಬರುಗಳನ್ನೂ ತರಿಸಿಕೊಳ್ಳುವುದು. ಅಮೆರಿಕದ ಅರಿಜೋನಾ ಮತ್ತು ಕೊಲೊರಾಡೊದಲ್ಲಿ ಚಿಕ್ಕ ಊರುಗಳ ಬ್ಯಾಂಕುಗಳನ್ನು ಸರಣಿಯಾಗಿ ದೋಚುತ್ತಿದ್ದ ಇಬ್ಬರನ್ನು 2010ರಲ್ಲಿ ಎಫ್‌ಬಿಐ ಹಿಡಿದದ್ದು ಹೀಗೆ. ಬೇಕೆಂದೇ ಹೆಚ್ಚು ಜನವಿಲ್ಲದ ನಾಲ್ಕು ಜಾಗಗಳ ಡಂಪ್ ಆರಿಸಿಕೊಂಡರು. ಆದರೂ ಒಂದೂವರೆ ಲಕ್ಷಕ್ಕೂ ಹೆಚ್ಚು ನಂಬರುಗಳು ಬಂದವು. ಒಂದಕ್ಕಿಂತ ಹೆಚ್ಚು ಘಟನೆಗಳ ಹೊತ್ತಿನಲ್ಲಿ ಕಾಣಿಸಿಕೊಂಡ ನಂಬರು ಹುಡುಕಿದಾಗ ದಾರಿ ತೆರೆಯಿತು. ತರ್ಕ ಸೊಗಸಾಗಿದೆ, ಫಲವೂ ಸಿಕ್ಕಿತು. ಉಳಿದ ಅಷ್ಟೂ ನಂಬರುಗಳು ಯಾವ ತಪ್ಪೂ ಮಾಡದವರವು, ತಮ್ಮ ಹೆಸರು ಪೊಲೀಸ್ ಕಡತ ಸೇರಿದ್ದು ಅವರಿಗೆ ಗೊತ್ತೇ ಆಗುವುದಿಲ್ಲ.

ಇದಕ್ಕೆ ಮಿತಿ ಎಲ್ಲಿ? 2018ರ ಜೂನ್ 22ರಂದು ಅಮೆರಿಕದ ಸುಪ್ರೀಂ ಕೋರ್ಟ್ ಕಾರ್ಪೆಂಟರ್ ಪ್ರಕರಣದಲ್ಲಿ ಇದರ ಒಂದು ಭಾಗಕ್ಕೆ ಉತ್ತರ ಕೊಟ್ಟಿತು. ಡೆಟ್ರಾಯಿಟ್ ಸುತ್ತಲಿನ ಅಂಗಡಿ ದರೋಡೆಗಳ ಆರೋಪಿ ತಿಮೊತಿ ಕಾರ್ಪೆಂಟರ್‌ನ ಫೋನಿನ 127 ದಿನಗಳ ದಾಖಲೆಯನ್ನು ಪೊಲೀಸರು ವಾರಂಟ್ ಇಲ್ಲದೆ ಪಡೆದಿದ್ದರು. ಒಟ್ಟು 12,898 ಸ್ಥಳಬಿಂದುಗಳು, ದಿನಕ್ಕೆ ಸರಾಸರಿ 101. ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಇಂಥ ದಾಖಲೆ ಬೇಕಾದರೆ ವಾರಂಟ್ ಬೇಕು ಎಂದು ಐವರು ನ್ಯಾಯಮೂರ್ತಿಗಳು ಹೇಳಿದರು, ನಾಲ್ವರು ಒಪ್ಪಲಿಲ್ಲ. ಟವರ್ ಡಂಪ್ ಬಗ್ಗೆ ತಾವು ಏನೂ ಹೇಳುತ್ತಿಲ್ಲ ಎಂದು ಬಹುಮತದ ತೀರ್ಪು ಬಿಡಿಸಿಯೇ ಹೇಳಿತು. ನಮ್ಮಲ್ಲಿ ಅದಕ್ಕೂ ಸುಮಾರು ಹತ್ತು ತಿಂಗಳು ಮೊದಲೇ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿದ್ದರು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೂ ಇಲ್ಲಿ ಸಿಡಿಆರ್ ತರಿಸಲು ನ್ಯಾಯಾಲಯದ ವಾರಂಟ್ ಬೇಕಿಲ್ಲ, ಪೊಲೀಸ್ ಅಧಿಕಾರಿಯ ಲಿಖಿತ ಕೋರಿಕೆ ಸಾಕು. ಪುಟ್ಟಸ್ವಾಮಿ ತೀರ್ಪಿನ ಬೆಳಕು ಈ ಮೂಲೆಗೆ ಇನ್ನೂ ತಲುಪಬೇಕಿದೆ.

ಸ್ಮಾರ್ಟ್‌ಫೋನ್ ಬಂದ ಮೇಲೆ ಟವರಿಗಿಂತ ಎಷ್ಟೋ ಪಾಲು ನಿಖರವಾದ ಜಿಪಿಎಸ್ ಮತ್ತು ವೈಫೈ ಆಧಾರಿತ ದಾಖಲೆ ಕೂಡ ತನಿಖೆಗೆ ಸಿಗತೊಡಗಿತು. ನಿಖರತೆ ಹೆಚ್ಚಾದರೆ ತಪ್ಪು ಕಡಿಮೆಯಾಗಬೇಕು ಅನ್ನಿಸುತ್ತದೆ. 2019ರಲ್ಲಿ ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ 97 ವರ್ಷದ ಅಜ್ಜಿಯ ಮನೆಯಲ್ಲಿ ಕಳವಾಯಿತು. ಆ ಮನೆಯ ಬಳಿ ಅಂದು ಇದ್ದ ಫೋನುಗಳ ವಿವರವನ್ನು ಪೊಲೀಸರು ಗೂಗಲ್‌ನಿಂದ ಕೇಳಿದರು. ಒಂದು ಫೋನು ಒಂದು ಗಂಟೆಯೊಳಗೆ ಮೂರು ಬಾರಿ ಆ ಮನೆಯ ಮುಂದೆ ಹಾದುಹೋಗಿತ್ತು. ಅದರ ಒಡೆಯ ನಿತ್ಯ ಸೈಕಲ್ ಹೊಡೆಯುತ್ತಿದ್ದ ಯುವಕ. ವ್ಯಾಯಾಮದ ಲೆಕ್ಕ ಇಡುವ ಆ್ಯಪ್ ಹಾಕಿಕೊಂಡು ಬಡಾವಣೆಯನ್ನು ಸುತ್ತು ಹಾಕುವುದು ಅವನ ರೂಢಿ. ತಿಂಗಳುಗಳು ಕಳೆದ ಮೇಲೆ, ನಿಮ್ಮ ಮಾಹಿತಿಯನ್ನು ಪೊಲೀಸರಿಗೆ ಕೊಡಲಿದ್ದೇವೆ, ಆಕ್ಷೇಪವಿದ್ದರೆ ಏಳು ದಿನದೊಳಗೆ ನ್ಯಾಯಾಲಯಕ್ಕೆ ಹೋಗಿ ಎಂಬ ಇಮೇಲ್ ಅವನಿಗೆ ಬಂತು. ಅಪ್ಪ ಅಮ್ಮ ಹಣ ಹೊಂದಿಸಿ ವಕೀಲರನ್ನು ಹಿಡಿದರು. ಸೈಕಲ್ಲಿನ ಸುತ್ತುಗಳೆಲ್ಲ ಅದೇ ಆ್ಯಪಿನ ನಕ್ಷೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಪೊಲೀಸರು ಕೋರಿಕೆಯನ್ನು ಹಿಂದೆ ಪಡೆದರು. ಜಿಪಿಎಸ್ ಇಲ್ಲಿ ಒಂದು ಮೀಟರೂ ಸುಳ್ಳು ಹೇಳಿರಲಿಲ್ಲ. ಅವನು ಅಲ್ಲಿದ್ದದ್ದು ನಿಜ. ಅಲ್ಲಿ ಏಕಿದ್ದ ಎಂಬುದು ಮಾತ್ರ ಆ ದತ್ತಾಂಶದಲ್ಲಿ ಇರಲಿಲ್ಲ.

2023ರ ಕೊನೆಯಲ್ಲಿ ಗೂಗಲ್, ಬಳಕೆದಾರರ ಓಡಾಟದ ಇತಿಹಾಸವನ್ನು ತನ್ನ ಕಂಪ್ಯೂಟರುಗಳ ಬದಲು ಅವರವರ ಫೋನಿನಲ್ಲೇ ಇಡುವುದಾಗಿ ಪ್ರಕಟಿಸಿತು. ಮೊಬೈಲ್ ಜಾಲಕ್ಕೆ ಆ ದಾರಿ ಇಲ್ಲ. ಫೋನು ಎಲ್ಲಿದೆ ಎಂದು ತಿಳಿಯದೆ ಜಾಲ ಕರೆಯನ್ನು ತಲುಪಿಸಲಾರದು. ಹಾಗಾಗಿ ಟವರಿನ ದಾಖಲೆ ಹುಟ್ಟುತ್ತಲೇ ಇರುತ್ತದೆ. ಭಾರತದ ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ಪರವಾನಗಿ ನಿಯಮವನ್ನು ತಿದ್ದಿ, ಕರೆ ದಾಖಲೆಗಳನ್ನು ಕಂಪನಿಗಳು ಇಟ್ಟುಕೊಳ್ಳಬೇಕಾದ ಕನಿಷ್ಠ ಅವಧಿಯನ್ನು ಒಂದು ವರ್ಷದಿಂದ ಎರಡು ವರ್ಷಕ್ಕೆ ಏರಿಸಿತು.